ಹನ್ನೆರಡು ಸೆಂಟಿಮೀಟರ್ ಕೆಳಗಿನ ನೆಲ

ಅಬುಧಾಬಿ ಸೀಮೆಯ ಮದೀನತ್ ಜಾಯೆದ್‌ನಿಂದ ಕಡಲ ದಿಕ್ಕಿಗೆ ಮುಕ್ಕಾಲು ತಾಸು ಹೋದರೆ ಉಪ್ಪು ನೆಲ ಶುರುವಾಗುತ್ತದೆ. ಅದರ ಅಂಚಿನಲ್ಲಿದ್ದ ಒಂದು ಸಣ್ಣ ಕಲ್ಲುದಿಬ್ಬದ ಮೇಲೆ ಹೊಸ ರಸ್ತೆ ಹಾದುಹೋಗಬೇಕಿತ್ತು. ಬುಲ್ಡೋಜರ್ ಮೊದಲ ಸಲ ದಿಬ್ಬ ಕೆರೆದಾಗಲೇ ಒಂದೇ ಅಳತೆಗೆ ಕಡಿದ ಕಲ್ಲುಗಳು ಸಾಲಾಗಿ ಎದ್ದು ಬಂದವು. ಆ ಭಾಗದ ರಸ್ತೆ ಕೆಲಸ ನಿಂತಿತು. ಹದಿನೈದು ದಿನದಲ್ಲಿ ಉತ್ಖನನದ ತಂಡ ಬಂದಿಳಿಯಿತು. ರಸ್ತೆಯ ಸರ್ವೇ ನಮ್ಮ ಕಂಪನಿಯದೇ ಆಗಿದ್ದರಿಂದ ಅಳತೆಯ ಕೆಲಸಕ್ಕೆ ನನ್ನನ್ನು ಅಲ್ಲಿಗೆ ಕಳಿಸಿದರು. ಏಳು ವಾರ ಅಂದಿದ್ದರು.

ತಂಡದ ಮುಖ್ಯಸ್ಥೆ ಜಪಾನಿನ ಪ್ರೊಫೆಸರ್. ಅರವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಹೆಣ್ಣುಮಗಳು. ಮೊಣಕಾಲಿಗೆ ರಬ್ಬರ್ ಪ್ಯಾಡ್ ಕಟ್ಟಿಕೊಂಡು ಬೆಳಗಿನ ಮಂಜಿನಲ್ಲೇ ನೆಲಕ್ಕೆ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದುದು. ಒಂದು ವಾರದಲ್ಲಿ ಅವರು ತೀರ್ಮಾನಕ್ಕೆ ಬಂದರು: ಇದು ಮನೆಯಲ್ಲ, ಗುಡಿ. ಎರಡೂವರೆ, ಮೂರು ಸಾವಿರ ವರ್ಷ ಹಿಂದಿನದು. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದೇ ಕೋಣೆ. ಮಧ್ಯೆ ಕಲ್ಲಿನ ಕಟ್ಟೆ. ಕಟ್ಟೆಯ ಸುತ್ತ ಬೂದಿ.

ಪ್ರೊಫೆಸರ್ ವಯಸ್ಸಿನಲ್ಲಿದ್ದಾಗ ತಮ್ಮ ದೇಶದಲ್ಲಿ ಒಂದು ಹಳೆಯ ಶಿಂಟೋ ಗುಡಿಯ ಜಾಗವನ್ನು ಅಗೆದಿದ್ದರಂತೆ. ಮರದ ಗುಡಿ ಹಳತಾದಾಗ ಅದನ್ನು ಬಿಚ್ಚಿ, ಅಲ್ಲಿಯೇ ಹೊಸತು ಕಟ್ಟುತ್ತಿದ್ದರಂತೆ. ಒಂದು ಕಂಬದ ಗುಂಡಿ ಸಿಕ್ಕರೆ ಅದರ ಪಕ್ಕದಲ್ಲಿ ಹಳೆಯದು, ಅದರ ಕೆಳಗೆ ಇನ್ನೂ ಹಳೆಯದು ಸಿಗುತ್ತಿತ್ತಂತೆ.

"ದೇವರಿಗೆ ಅಂತ ಗುರುತು ಮಾಡಿದ ಜಾಗವನ್ನು ಜನ ಸುಲಭಕ್ಕೆ ಬಿಡುವುದಿಲ್ಲ," ಅಂದರು ಒಂದು ದಿನ ಚಹಾ ಕುಡಿಯುತ್ತ. "ಇಲ್ಲಿಯೂ ಕೆಳಗೆ ಇನ್ನೊಂದು ನೆಲ ಇರಬೇಕು. ನನಗೆ ಹಾಗನ್ನಿಸುತ್ತದೆ. ಆದರೆ ಅನ್ನಿಸುವುದು ಸಾಕ್ಷಿಯಲ್ಲ."

ಅಗೆಯುವವರು ಮೇಸ್ತ್ರಿ ಸೇರಿ ಹನ್ನೊಂದು ಮಂದಿ. ಎಲ್ಲರೂ ಅಲ್ ಕೂಜ್‌ನ ಒಂದು ಲೇಬರ್ ಸಪ್ಲೈ ಕಂಪನಿಯಿಂದ ಬಂದವರು. ಅವರ ಮೇಸ್ತ್ರಿ ಉಪ್ಪಿನಂಗಡಿ ಕಡೆಯ ಬ್ಯಾರಿ, ಐವತ್ತೈದರ ಮನುಷ್ಯ. ಇಪ್ಪತ್ತು ವರ್ಷ ಈ ದೇಶದಲ್ಲಿ ಟೈಲ್ಸ್ ಹಾಕಿದ್ದವರು. ಹಿಂದೆ ಎರಡು ಕಡೆ ಇಂಥ ಉತ್ಖನನದಲ್ಲೂ ಕೆಲಸ ಮಾಡಿದ್ದರು. ಎಲ್ಲರೂ ಅವರನ್ನು 'ಕಾಕಾ' ಅನ್ನುತ್ತಿದ್ದರು. ಗದಗಿನ ಕಡೆಯ ನನಗೆ ಕಾಕಾ ಅಂದರೆ ಅಪ್ಪನ ತಮ್ಮ. ನಾನೂ ಹಾಗೆಯೇ ಕರೆದೆ. ಅವರು ಕರಣೆಯ ತುದಿಯನ್ನು ನೆಲಕ್ಕೆ ಮೆಲ್ಲಗೆ ಬಡಿದು, ಸದ್ದು ಕೇಳಿ, ಕೆಳಗೆ ಗಟ್ಟಿ ಇದೆಯೋ ಮರಳೋ ಎಂದು ಹೇಳುತ್ತಿದ್ದರು. ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಲಿಲ್ಲ.

ನನ್ನ ಕೆಲಸ ಸರಳವಾದದ್ದು. ಮುಕ್ಕಾಲಿಯ ಮೇಲೆ ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ನಿಲ್ಲಿಸಿ, ಸಿಕ್ಕ ಒಂದೊಂದು ಕಲ್ಲು, ಮಡಕೆ ಚೂರು, ನೆಲದ ತುಣುಕು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆಯುವುದು. ಅಗೆದ ಮೇಲೆ ಆ ಜಾಗ ಉಳಿಯುವುದಿಲ್ಲ; ಉಳಿಯುವುದು ನನ್ನ ಅಂಕಿಗಳು ಮಾತ್ರ. ಎತ್ತರ ಅಳೆಯಲು ಒಂದು ಸ್ಥಿರವಾದ ಗುರುತು ಬೇಕು. ಅದಕ್ಕಾಗಿ ಕಾಂಕ್ರೀಟಿನಲ್ಲಿ ಹೂತ ಒಂದು ಕಬ್ಬಿಣದ ಗೂಟ ಇಟ್ಟುಕೊಂಡಿದ್ದೆ. ಗೂಟ ಕದಲಿದರೆ ತಿಳಿಯಲಿ ಎಂದು ದಿಬ್ಬದ ಆಚೆ ಬಂಡೆಗೆ ಒಂದು ಮೊಳೆ ಹೊಡೆದು ಎರಡನೇ ಗುರುತನ್ನೂ ಮಾಡಿದ್ದೆ. ದಿನಾ ಬೆಳಿಗ್ಗೆ ಗೂಟದಿಂದ ಶುರು ಮಾಡಿ ಮೊಳೆಯನ್ನು ನೋಡಿ ತಾಳೆ ಹಾಕಬೇಕು. ಈ ಕೆಲಸದ ಮೊದಲ ಪಾಠ ಇದು.

ಮೂರನೇ ವಾರದ ಹೊತ್ತಿಗೆ ಅಗೆದ ಮರಳಿನ ಗುಡ್ಡೆ ಆಳೆತ್ತರ ಬೆಳೆದು ಮೊಳೆಗೆ ಅಡ್ಡವಾಯಿತು. ಅದನ್ನು ನೋಡಬೇಕಾದರೆ ಉಪಕರಣವನ್ನು ಪಕ್ಕಕ್ಕೆ ಒಯ್ದು, ನಡುವೆ ಇನ್ನೊಂದು ಗುರುತು ಮಾಡಿ, ಮತ್ತೆ ಹಿಂದಕ್ಕೆ ತರಬೇಕು. ಅರ್ಧ ತಾಸಿನ ಕೆಲಸ. ಎರಡು ದಿನ ಮಾಡಿದೆ. ಮೂರನೇ ದಿನ ಬಿಟ್ಟೆ.

ಕೋಣೆಯನ್ನು ಪೂರ್ವ, ಪಶ್ಚಿಮ ಎಂದು ಎರಡು ಪಾಲು ಮಾಡಿ ಅಗೆಯುತ್ತಿದ್ದೆವು. ಪೂರ್ವದ ಪಾಲಿನಲ್ಲಿ ಬಿಳಿ ಗಾರೆಯ ಒಳ್ಳೆಯ ನೆಲ ಸಿಕ್ಕಿತ್ತು. ಅದರ ಮಟ್ಟ ಕಡಲಮಟ್ಟದಿಂದ ಒಂಬತ್ತು ಮೀಟರ್ ನಲವತ್ತು ಸೆಂಟಿಮೀಟರ್. ಆ ಅಂಕಿ ಸರಿಯಾಗಿಯೇ ಇತ್ತು. ಅದಾದ ಮೇಲೆ ಒಂದು ದಿನ ರಜೆ ಬಂತು. ರಜೆಯ ಮರುದಿನ ಬೆಳಿಗ್ಗೆ ನಾನು ಮುಕ್ಕಾಲಿ ಬಿಚ್ಚುವಾಗ ಕಾಕಾ ಗೂಟದ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು.

"ಸಾರ್, ಇದರ ಬುಡದಲ್ಲಿ ಮಣ್ಣು ಹೊಸತು ಉಂಟು. ಯಾರೋ ಮುಟ್ಟಿದ ಹಾಗೆ ಕಾಣ್ತದೆ."

ಬಗ್ಗಿ ನೋಡಿದೆ. ಗೂಟ ನೆಟ್ಟಗೇ ಇತ್ತು. ಕಾಂಕ್ರೀಟು ಒಡೆದಿರಲಿಲ್ಲ.

"ಗಾಳಿಗೆ ಮರಳು ಸರದಿರ್ತದ ಬಿಡ್ರಿ ಕಾಕಾ," ಅಂದೆ.

"ಗಾಳಿಗೆ ಬಂದ ಮರಳು ಸಡಿಲ ಇರ್ತದೆ ಅಲ್ವಾ? ಇದು ಒತ್ತಿದ ಹಾಗೆ ಉಂಟು. ಒಮ್ಮೆ ಚೆಕ್ ಮಾಡುದು ಒಳ್ಳೇದು."

ಪ್ರೊಫೆಸರ್ ಫೋಟೋ ತೆಗೆಯಲು ನನಗಾಗಿ ಕಾಯುತ್ತಿದ್ದರು. ರಸ್ತೆ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಬಂದು "ಇನ್ನೆಷ್ಟು ದಿನ, ಇನ್ನೆಷ್ಟು ದಿನ" ಎಂದು ಸುತ್ತುತ್ತಿದ್ದ. ನಾಳೆ ನೋಡೋಣ ಅಂದುಕೊಂಡೆ. ಸತ್ಯ ಹೇಳಬೇಕೆಂದರೆ, ಮೇಸ್ತ್ರಿಯೊಬ್ಬ ಹೇಳಿದ ಅಂತ ಚೆಕ್ ಮಾಡುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಆ ನಾಳೆ ಬರಲಿಲ್ಲ.

ಆ ವಾರ ಪಶ್ಚಿಮದ ಪಾಲಿನಲ್ಲಿ ಗಾರೆಯ ನೆಲ ಸಿಕ್ಕಿತು. ನೆಲದ ಮೇಲೆ ನಾಲ್ಕು ಮಡಕೆ ಇಟ್ಟದ್ದು ಇಟ್ಟಂತೆಯೇ ಕೂತಿದ್ದವು. ಒಂದರ ಕಂಠದ ಸುತ್ತ ಮಣ್ಣಿನ ಹಾವು ಸುತ್ತಿಕೊಂಡು ಬಾಯಿಯತ್ತ ಹೆಡೆ ಚಾಚಿತ್ತು. ಕಾಕಾ ಕುಂಚದಿಂದ ಅದರ ಧೂಳು ಒರೆಸುತ್ತ ನಕ್ಕರು.

"ನಮ್ಮ ಊರಲ್ಲಾದ್ರೆ ಇದಕ್ಕೆ ಹಾಲು ಎರೀತಿದ್ರು ನೋಡಿ. ಇಲ್ಲಿಯವರೂ ನಮ್ಮ ಹಾಗೆಯೇ ಹೆದರುವವರು."

ನಾನು ಮಟ್ಟ ಅಳೆದೆ. ಒಂಬತ್ತು ನಲವತ್ತೊಂದು. ಪೂರ್ವದಲ್ಲಿ ನಲವತ್ತು, ಇಲ್ಲಿ ನಲವತ್ತೊಂದು. ಅಂದರೆ ಎರಡೂ ಒಂದೇ ನೆಲ. ಸಂಜೆ ನಕಾಶೆ ತೋರಿಸಿದಾಗ ಪ್ರೊಫೆಸರ್ ಬಹಳ ಹೊತ್ತು ಅದನ್ನೇ ನೋಡಿದರು.

"ಗಾರೆ ಬೇರೆ ಥರ ಇದೆ," ಅಂದರು. "ಪಶ್ಚಿಮದ್ದು ಒರಟು. ಇದು ಹಳೆಯ ನೆಲ, ಮೇಲಿನ ನೆಲ ಈ ಪಾಲಿನಲ್ಲಿ ಸವೆದುಹೋಗಿದೆ ಅಂತ ನಾನು ಅಂದುಕೊಂಡಿದ್ದೆ. ನಿನ್ನ ಮಟ್ಟ ಖಚಿತವೇ?"

"ನೂರಕ್ಕೆ ನೂರು, ಮೇಡಂ."

ಅವರು ತಲೆಯಾಡಿಸಿದರು. ತಮಗೆ ಅನ್ನಿಸಿದ್ದನ್ನು ಅಲ್ಲಿಗೇ ಕೈಬಿಟ್ಟರು. ಅವರ ಟಿಪ್ಪಣಿ ಪುಸ್ತಕದಲ್ಲಿ 'ಒಂದೇ ಹಂತ', ಅಂದರೆ ಒಂದೇ ಕಾಲದ ಕಟ್ಟಡ, ಎಂದು ಬರೆದದ್ದನ್ನು ನಾನೇ ನೋಡಿದೆ.

ಒಂದೇ ಹಂತ ಎಂದಾದ ಮೇಲೆ ಕೆಲಸದ ವೇಗ ಬೇರೆ. ಪೂರ್ವದ ನೆಲವನ್ನು ಕಿತ್ತು, ಕೆಳಗಿನ ಮರಳಿನವರೆಗೆ ಬೇಗ ಇಳಿದು, ಜಾಗ ಬಿಟ್ಟುಕೊಡಬೇಕು. ಕರಣೆ ಹೋಗಿ ಪಿಕಾಸಿ ಬಂತು. ಆ ದಿನ ಪ್ರೊಫೆಸರ್ ಅಬುಧಾಬಿಯಲ್ಲಿ ಮೀಟಿಂಗಿಗೆ ಹೋಗಿದ್ದರು. ಏನಾದರೂ ಬೇರೆಯಾಗಿ ಕಂಡರೆ ನಿಲ್ಲಿಸಿ ಫೋನ್ ಮಾಡಿ ಎಂದು ಹೇಳಿ ಹೋಗಿದ್ದರು.

ಹತ್ತು ಗಂಟೆಗೆ ಕಾಕಾ ಕೆಲಸ ನಿಲ್ಲಿಸಿದರು. ಗುಂಡಿಯೊಳಗಿಂದ ನನ್ನನ್ನು ಕೂಗಿದರು. ಕಡಿದ ಅಂಚಿನಲ್ಲಿ, ಮೇಲಿನ ನೆಲದಿಂದ ಅರ್ಧ ಗೇಣು ಕೆಳಗೆ, ಎಳೆದ ದಾರದಂತೆ ಒಂದು ಬಿಳಿ ಗೆರೆ ಕಾಣುತ್ತಿತ್ತು.

"ಇದು ನೆಲ ಸಾರ್. ಇನ್ನೊಂದು ನೆಲ."

"ಉಪ್ಪು ಇರಬಹುದಲ್ರಿ? ಈ ಮಣ್ಣಿನ್ಯಾಗ ಉಪ್ಪಿನ ಗೆರೆ ಎಲ್ಲಾ ಕಡೆ ಅದಾವ."

"ಉಪ್ಪಾದ್ರೆ ಕುಟ್ಟಿದಾಗ ಪುಡಿ ಆಗ್ತದೆ. ಇದು ಸದ್ದು ಕೊಡ್ತದೆ. ಕೇಳಿ ಬೇಕಾದ್ರೆ."

ಅಷ್ಟರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅಂಚಿಗೆ ಬಂದು ನಿಂತ. ಕೆಲಸ ಯಾಕೆ ನಿಂತಿದೆ ಎಂದು ಕೇಳಿದ. ಹೇಳಿದೆ.

"ನಿನ್ನ ಡ್ರಾಯಿಂಗ್ ಏನು ಹೇಳುತ್ತದೆ?"

"ಡ್ರಾಯಿಂಗ್ ಪ್ರಕಾರ ಕೆಳಗೆ ನೆಲ ಇಲ್ಲ."

"ಮತ್ತೇನು? ಪ್ರೊಫೆಸರ್ ಅದೇ ಡ್ರಾಯಿಂಗ್ ನೋಡಿ ತಾನೇ ಅಗೆಯಲು ಹೇಳಿದ್ದು? ಯಲ್ಲಾ, ನಡೆಯಲಿ."

ಕಾಕಾ ಅವನ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿದರು. "ನೀವು ಹೇಳಿ ಸಾರ್. ನೀವು ಹೇಳಿದ್ರೆ ನಾನು ಹೊಡಿಸ್ತೇನೆ."

ಫೋನ್ ನನ್ನ ಜೇಬಿನಲ್ಲಿತ್ತು. ಪ್ರೊಫೆಸರಿಗೆ ಫೋನ್ ಮಾಡಿದರೆ ಮಟ್ಟ ಇನ್ನೊಮ್ಮೆ ಚೆಕ್ ಮಾಡು ಅನ್ನುತ್ತಾರೆ. ಆಗ ಹತ್ತು ದಿನ ಚೆಕ್ ಮಾಡದೇ ಇದ್ದದ್ದು ಹೊರಗೆ ಬರುತ್ತದೆ. ಇದೆಲ್ಲ ಆಗ ಇಷ್ಟು ಸ್ಪಷ್ಟವಾಗಿ ಹೊಳೆಯಿತೋ, ಆಮೇಲೆ ನಾನು ಜೋಡಿಸಿಕೊಂಡೆನೋ ಹೇಳಲಾರೆ. ಬಾಯಿಂದ ಬಂದದ್ದು ಮಾತ್ರ ನೆನಪಿದೆ.

"ಹೊಡಸ್ರಿ ಕಾಕಾ."

ಮಧ್ಯಾಹ್ನ ಎರಡರ ಹೊತ್ತಿಗೆ ಜರಡಿ ಹಿಡಿಯುವವನು ಅಂಗೈಯಲ್ಲಿ ಹಸಿರುಗಟ್ಟಿದ ಲೋಹದ ಚೂರು ತಂದು ತೋರಿಸಿದ. ಮತ್ತೊಂದು ಚೂರು. ಇನ್ನೊಂದು. ಮೂರನ್ನೂ ಜೋಡಿಸಿದರೆ ಬೆರಳುದ್ದದ ಕಂಚಿನ ಹಾವು. ಮೈಮೇಲೆ ಚುಕ್ಕೆ ಕೊರೆದಿದ್ದರು. ಆಮೇಲೆ ನಾಲ್ಕು ಕಾಲಿನ ಧೂಪದ ಬಟ್ಟಲೊಂದು ನುಚ್ಚಾಗಿ ಬಂತು. ಗುಂಡಿಯ ತುಂಬ ಒರಟು ಗಾರೆಯ ತುಂಡುಗಳು ಬಿದ್ದಿದ್ದವು. ಎರಡೂವರೆ ಸಾವಿರ ವರ್ಷ ಹಿಂದೆ ಯಾರೋ ಬಗ್ಗಿ ನೆಲದ ಮೇಲಿಟ್ಟು ಹೋದದ್ದನ್ನು ನಾವು ನಾಲ್ಕು ತಾಸಿನಲ್ಲಿ ಕಾಂಕ್ರೀಟು ಒಡೆದಂತೆ ಒಡೆದು ಹಾಕಿದ್ದೆವು.

ಸಂಜೆ ಪ್ರೊಫೆಸರ್ ಬಂದರು. ಗುಂಡಿಗೆ ಇಳಿದು ಮೊಣಕಾಲೂರಿ, ಗಾರೆಯ ಒಂದು ತುಂಡನ್ನು ಎತ್ತಿ ತಿರುಗಿಸಿ ನೋಡಿ, ಎಲ್ಲಿಂದ ಎತ್ತಿದ್ದರೋ ಅಲ್ಲಿಯೇ ಇಟ್ಟರು. ಯಾರನ್ನೂ ಬೈಯಲಿಲ್ಲ.

ಬೈಯುವ ಕೆಲಸವನ್ನು ಕಾಗದ ಮಾಡಿತು. ಮರುದಿನ ಪ್ರಾಜೆಕ್ಟ್ ಮ್ಯಾನೇಜರ್ ಒಂದು ಘಟನಾ ವರದಿ ಬರೆದು ತಂದ. ಮೇಸ್ತ್ರಿಯ ಉಸ್ತುವಾರಿಯಲ್ಲಿ ಪಿಕಾಸಿ ಬಳಸಲಾಯಿತು, ಗಾರೆ ಕಂಡ ಮೇಲೂ ಕೆಲಸ ಮುಂದುವರಿಯಿತು, ಹಾನಿಯಾಯಿತು. ಒಂದೊಂದು ವಾಕ್ಯವೂ ನಿಜ. ಕೆಲಸ ನಿಲ್ಲಿಸಿದ್ದೂ ಅದೇ ಮೇಸ್ತ್ರಿ ಎಂಬುದು, ಮುಂದುವರಿಸಲು ಹೇಳಿದವರು ಯಾರು ಎಂಬುದು ಅದರಲ್ಲಿ ಇರಲಿಲ್ಲ. ಸಾಕ್ಷಿ ಎಂಬಲ್ಲಿ ನನ್ನ ಸಹಿ ಬೇಕಿತ್ತು.

"ಇದರಲ್ಲಿ ಸುಳ್ಳೇನಾದರೂ ಇದೆಯಾ?" ಎಂದು ಕೇಳಿದ.

ಇಲ್ಲ ಅಂದೆ. ಸಹಿ ಮಾಡಿದೆ.

ಅದರ ಮರುದಿನ, ಒಡೆದ ನೆಲದ ಉಳಿದ ಅಂಚನ್ನು ನಿಖರವಾಗಿ ಅಳೆಯಬೇಕೆಂದು ಪ್ರೊಫೆಸರ್ ಹೇಳಿದರು. ಆ ಹೊತ್ತಿಗೆ ಶವೆಲ್ ಯಂತ್ರ ಬಂದು ಮರಳಿನ ಗುಡ್ಡೆಯನ್ನು ಅರ್ಧ ಎತ್ತಿ ಹಾಕಿತ್ತು. ಬಂಡೆಯ ಮೇಲಿನ ಮೊಳೆ ಬಿಸಿಲಿಗೆ ಹೊಳೆಯುತ್ತ ಎದುರಿಗೇ ಕಾಣುತ್ತಿತ್ತು. ಗೂಟದಿಂದ ಶುರು ಮಾಡಿ ಮೊಳೆಗೆ ತಿರುಗಿಸಿದೆ.

ಹನ್ನೆರಡು ಸೆಂಟಿಮೀಟರ್ ವ್ಯತ್ಯಾಸ.

ಉಪಕರಣವನ್ನು ಮತ್ತೆ ಮಟ್ಟ ಮಾಡಿ ನೋಡಿದೆ. ಹನ್ನೆರಡು. ಗುರಿಗೆ ಹಿಡಿಯುವ ಪ್ರಿಸಂ ಬದಲಿಸಿ ನೋಡಿದೆ. ಹನ್ನೆರಡೇ. ಗೂಟ ಹನ್ನೆರಡು ಸೆಂಟಿಮೀಟರ್ ಕೆಳಗಿಳಿದಿತ್ತು. ನಾನು ಅದರ ಹಳೆಯ ಎತ್ತರವನ್ನೇ ನಂಬಿ ಲೆಕ್ಕ ಹಾಕಿದ್ದರಿಂದ, ರಜೆಯ ನಂತರ ಅಳೆದದ್ದೆಲ್ಲ ಅಷ್ಟೇ ಮೇಲಕ್ಕೆ ಬಂದಿತ್ತು. ಪಶ್ಚಿಮದ ನೆಲದ ನಿಜವಾದ ಮಟ್ಟ ಒಂಬತ್ತು ಇಪ್ಪತ್ತೊಂಬತ್ತು. ಅದು ಕೆಳಗಿನ ನೆಲ. ಪೂರ್ವದಲ್ಲಿ ಕಾಕಾ ಬೆರಳಿಟ್ಟು ತೋರಿಸಿದ ಬಿಳಿ ಗೆರೆಯೇ ಅದು.

ನೀರಿನ ಟ್ಯಾಂಕರಿನ ಚಾಲಕನನ್ನು ಹಿಡಿದು ಕೇಳಿದೆ. ಪೆಶಾವರದ ಮುದುಕ. ರಜೆಯ ದಿನ ರಿವರ್ಸ್ ತೆಗೆಯುವಾಗ ಗೂಟಕ್ಕೆ ತಾಗಿತ್ತು. ಹೆದರಿ ಅದನ್ನು ಕಾಂಕ್ರೀಟಿನ ಗಡ್ಡೆ ಸಮೇತ ನೆಟ್ಟಗೆ ಮಾಡಿ, ಗುಂಡಿ ಆಳ ಮಾಡಿ ಹೂತು, ಸುತ್ತ ಮರಳು ತುಳಿದಿದ್ದ. "ನೆಟ್ಟಗೆ ಇಟ್ಟೆನಲ್ಲ ಸಾಬ್," ಅಂದ. ಅವನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಗೂಟ ಕದಲುವುದು ಎಲ್ಲ ಕಡೆಯೂ ಉಂಟು. ಅದಕ್ಕೇ ಎರಡನೇ ಗುರುತು ಇಡುವುದು.

ಪಿಕಪ್ಪಿನಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ಯಾರಿಗರ ಗೊತ್ತೈತೇನು?" ಅಂದಳು.

"ಇನ್ನೂ ಇಲ್ಲ."

ಹಿಂದೆ ಮಗಳು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದಳು. ಅವಳಿಗೆ ತಡಿ ಅಂದು ಹೆಂಡತಿ ಹೇಳಿದಳು: "ನನ್ನ ವೀಸಾ, ಆಕಿ ವೀಸಾ ಎರಡೂ ನಿಮ್ಮ ಮ್ಯಾಲ ಅದಾವ. ಪರೀಕ್ಷಾ ಮುಗಿಯೂ ಮಟಾ ಸುಮ್ಮನಿರ್ರಿ. ಆಗೋದು ಆಗಿ ಹೋಗೇತಿ. ಆ ನೆಲಾ ಏನ್ ತಿರುಗಿ ಬರತೈತೇನು?"

ಅವಳ ಮಾತು ನನಗೆ ಹಿತವಾಗಿ ಕೇಳಿತು. ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ಹಳೆಯ ಅಂಕಿಗಳನ್ನು ಸಣ್ಣಸಣ್ಣದಾಗಿ ತಿದ್ದಿ ಯಾರಿಗೂ ತಿಳಿಯದ ಹಾಗೆ ಸರಿಮಾಡಲು ಬರುತ್ತದೆಯೇ ಎಂದೂ ನೋಡಿದೆ. ಬರುತ್ತಿತ್ತು. ಅಷ್ಟೇನೂ ಕಷ್ಟವಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಕೆಲಸಗಾರರ ಬಸ್ಸಿನಿಂದ ಹಳಬರು ಹತ್ತೇ ಮಂದಿ ಇಳಿದರು. ಮೇಸ್ತ್ರಿಯ ಜಾಗದಲ್ಲಿ ಹೊಸಬ ಇದ್ದ. ಕಾಕಾ ಎಲ್ಲಿ ಎಂದು ಜರಡಿಯವನನ್ನು ಕೇಳಿದೆ. "ಅಲ್ ಕೂಜ್ ಕ್ಯಾಂಪಿಗೆ ಕರೆಸಿಕೊಂಡ್ರು. ವೀಸಾ ಕ್ಯಾನ್ಸಲ್," ಅಂದ. ಅವನು ನನ್ನ ಮುಖ ನೋಡಿ ಹೇಳಲಿಲ್ಲ.

ನೇರ ಪ್ರೊಫೆಸರ್ ಕೂತಿದ್ದ ಪೋರ್ಟಾ ಕ್ಯಾಬಿನಿಗೆ ಹೋದೆ. ನಿಂತುಕೊಂಡೇ ಹೇಳಿದೆ. ಗೂಟ, ಮೊಳೆ, ಕಾಕಾ ಎರಡು ಸಲ ಎಚ್ಚರಿಸಿದ್ದು, ಹೊಡೆಯಲು ಹೇಳಿದ್ದು ನಾನು ಎಂಬುದು, ಸಹಿ. ಅವರು ನನ್ನ ಪುಸ್ತಕ ಕೇಳಿ ತೆಗೆದುಕೊಂಡು, ಪೆನ್ಸಿಲಿನಿಂದ ಪಶ್ಚಿಮದ ಎಲ್ಲ ಅಂಕಿಗಳಲ್ಲಿ ಹನ್ನೆರಡು ಕಳೆಯುತ್ತ ಹೋದರು. ಮುಗಿಸುವವರೆಗೂ ತಲೆಯೆತ್ತಲಿಲ್ಲ.

"ಹಾಗಾದರೆ ಎರಡಿತ್ತು," ಅಂದರು.

"ಹೌದು ಮೇಡಂ."

"ನನಗೆ ಅನ್ನಿಸಿದ್ದನ್ನು ಬಿಟ್ಟು ನಿನ್ನ ಅಂಕಿಯನ್ನು ಹಿಡಿದೆ. ಅಂಕಿ ಹಿಡಿಯುವುದು ಸರಿ. ಆದರೆ ಆ ಮನುಷ್ಯ ಕೈಯಿಂದ ಮುಟ್ಟಿ ಹೇಳಿದ್ದು ನನ್ನವರೆಗೆ ಬರಲೇ ಇಲ್ಲ." ಪುಸ್ತಕ ಹಿಂದಕ್ಕೆ ಕೊಟ್ಟರು. "ನೀನು ಎರಡು ದಿನ ತಡ ಮಾಡಿದ್ದೀಯ."

ಅಂದೇ ಅವರು ಲೇಬರ್ ಕಂಪನಿಗೆ ಪತ್ರ ಬರೆದರು: ತಪ್ಪು ಮೇಸ್ತ್ರಿಯದಲ್ಲ, ಅಳತೆಯದು, ಅವರು ಮರಳಿ ಬೇಕು. ಪತ್ರ ಹಿಡಿದು ನಾನೇ ಅಲ್ ಕೂಜ್‌ಗೆ ಹೋದೆ. ಗೋದಾಮುಗಳ ನಡುವಿನ ಎರಡನೇ ಮಹಡಿಯ ಆಫೀಸು. ಪತ್ರವನ್ನು ಪೂರ್ತಿ ಓದಿದ ಮನುಷ್ಯ ಅದನ್ನು ಮಡಿಸಿ ಲಕೋಟೆಗೆ ಹಾಕಿ ನನಗೇ ಕೊಟ್ಟ.

"ಕ್ಯಾನ್ಸಲೇಶನ್ ಆಗಿ ಹೋಯಿತು ಭಾಯ್. ಖಲಾಸ್. ನಾಳೆ ಮಧ್ಯಾಹ್ನ ಫ್ಲೈಟ್."

"ತಪ್ಪು ನನ್ನದು ಅಂತ ಇದರಲ್ಲಿ ಬರೆದಿದೆ."

"ಬರೆದಿದೆ. ನಿನ್ನ ಕಂಪನಿಗೆ ತೋರಿಸು. ನಮಗೆ ಕ್ಲೈಂಟಿನಿಂದ ಬಂದ ಕಂಪ್ಲೇಂಟಿನಲ್ಲಿ ಇರುವುದು ಅವನ ಹೆಸರು. ಸಾಕ್ಷಿ ಸಹಿಯೂ ಇದೆ." ಕಾಗದ ತಿರುಗಿಸಿ ತೋರಿಸಿದ. ನನ್ನ ಸಹಿ.

ಕ್ಯಾಂಪು ಅಲ್ಲಿಂದ ಎರಡು ಗಲ್ಲಿ ಆಚೆ. ಕಾಕಾ ತಮ್ಮ ಮಂಚದ ಮೇಲೆ ಸೂಟ್‌ಕೇಸ್ ಬಿಚ್ಚಿಟ್ಟುಕೊಂಡು ಹಾಲಿನ ಪುಡಿಯ ಡಬ್ಬ ಹೊಂದಿಸುತ್ತಿದ್ದರು. ನನ್ನನ್ನು ನೋಡಿ ಎದ್ದು, ಕೂರಲು ಜಾಗ ಮಾಡಿದರು. ಆಫೀಸಿನಲ್ಲಿ ಆದದ್ದು ಹೇಳಿದೆ. ಗೂಟದ ವಿಷಯ ಹೇಳಿದೆ.

"ಎಷ್ಟು ಇಳಿದಿತ್ತು?" ಎಂದು ಕೇಳಿದರು.

"ಹನ್ನೆರಡು ಸೆಂಟಿ."

"ಹೂಂ. ಆ ಗೆರೆಗೆ ಸರಿಯಾಗ್ತದೆ." ಡಬ್ಬದ ಸುತ್ತ ಲುಂಗಿ ಸುತ್ತಿದರು. "ಮ್ಯಾನೇಜರ್ ಹೇಳಿದ್ದಕ್ಕೆ ನಾನು ಪಿಕಾಸಿ ಹೊಡಿಸುದಿಲ್ಲ ಸಾರ್. ಅವನಿಗೆ ಎಂತ ಗೊತ್ತು? ನೀವು ಹೇಳಿದ್ದು ಅಂತ ಹೊಡಿಸಿದ್ದು. ನಾನು ಓದಿದವನಲ್ಲ, ಆ ಮೆಷಿನ್ ಎಂತ ಹೇಳ್ತದೆ ನನಗೆ ಗೊತ್ತಾಗುದಿಲ್ಲ. ನೀವು ಅದರಲ್ಲಿ ನೋಡಿ ಹೇಳ್ತೀರಿ ಅಂತ ನಾನು ಗ್ರಹಿಸಿದ್ದು."

ನಾನು ತಪ್ಪಾಯಿತು ಅಂದೆ. ಅವರು ಪರವಾಗಿಲ್ಲ ಅನ್ನಲಿಲ್ಲ. "ಚಹಾ ಕುಡೀತೀರಾ?" ಅಂದರು. ಕುಡಿದು ಬಂದೆ.

ನನಗೆ ನನ್ನ ಕಂಪನಿ ಒಂದು ಎಚ್ಚರಿಕೆ ಪತ್ರ ಕೊಟ್ಟು ರಾಸ್ ಅಲ್ ಖೋರ್‌ಗೆ ಹಾಕಿತು. ಅಲ್ಲಿ ಗೋದಾಮುಗಳ ನೆಲದ ಮಟ್ಟ ನೋಡುವ ಕೆಲಸ. ಸರ್ವೇಯರಿಗೆ ಪತ್ರ, ಮೇಸ್ತ್ರಿಗೆ ಟಿಕೆಟ್. ಮಗಳು ಪರೀಕ್ಷೆ ಪಾಸಾದಳು. ದಿಬ್ಬದ ಮೇಲೆ ಈಗ ರಸ್ತೆ ಇದೆ. ಒಮ್ಮೆ ಆ ಕಡೆ ಹೋಗಿದ್ದೆ. ಗಾಡಿ ನಿಲ್ಲಿಸುವಂತಹ ಜಾಗವೂ ಅಲ್ಲಿಲ್ಲ.

ವರದಿ ಮುಗಿಯಲು ಎರಡು ವರ್ಷ ಹಿಡಿಯಿತು. ಅಚ್ಚಿಗೆ ಹೋಗುವ ಮೊದಲು ಪ್ರೊಫೆಸರ್ ನನಗೆ ಬರೆದರು: "ಎರಡು ನೆಲಗಳ ಗುಡಿ ಎಂದೇ ವರದಿ ಇದೆ. ಅಳತೆಯ ತಪ್ಪನ್ನೂ ಅದರಿಂದಾದ ನಷ್ಟವನ್ನೂ ಬರೆದಿದ್ದೇನೆ. ಎರಡನೇ ನೆಲವನ್ನು ಮೊದಲು ಗುರುತಿಸಿದವರು ಮೇಸ್ತ್ರಿ ಎಂದು ಅವರ ಹೆಸರು ಹಾಕಬೇಕು. ಪೂರ್ತಿ ಹೆಸರು ತಿಳಿಸು." ವಾರಗಟ್ಟಲೆ ಜೊತೆಗಿದ್ದ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ. ಜರಡಿಯವನಿಂದ ನಂಬರು ಪಡೆದು ಊರಿಗೆ ಫೋನ್ ಮಾಡಿದೆ.

ಕಾಕಾ ಮನೆಯೊಂದರಲ್ಲಿ ಟೈಲ್ಸ್ ಹಾಕುತ್ತಿದ್ದರು. ಕಟ್ಟರಿನ ಸದ್ದು ನಿಲ್ಲಿಸಲು ಯಾರಿಗೋ ಹೇಳಿ ಮಾತಾಡಿದರು. ವಿಷಯ ತಿಳಿಸಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

"ಆ ಪುಸ್ತಕ ಅಲ್ಲಿಯ ಸರಕಾರದವರು ನೋಡ್ತಾರಾ?"

"ನೋಡ್ತಾರ್ರಿ. ಅವರಿಗೂ ಒಂದು ಪ್ರತಿ ಹೋಗ್ತೈತಿ."

"ಹಾಗಾದ್ರೆ ಬೇಡ ಸಾರ್. ನನ್ನ ಅಳಿಯ ಅಲ್ಲಿಗೆ ವೀಸಾಕ್ಕೆ ಹಾಕಿದ್ದಾನೆ. ಒಡೆದ ವಿಷಯದ ಹತ್ತಿರ ನನ್ನ ಹೆಸರು ಇರುದು ಬೇಡ."

"ಒಡೆದದ್ದು ನೀವಲ್ಲ ಅಂತನಽ ಅದರಾಗ ಬರದಾರ ಕಾಕಾ. ನಿಮಗ ಒಳ್ಳೇ ಹೆಸರು ಬರ್ತೈತಿ."

"ಯಾರು ಅಷ್ಟು ಓದ್ತಾರೆ ಮಾರಾಯ್ರೆ? ಹೆಸರು ಮಾತ್ರ ನೋಡ್ತಾರೆ." ಮತ್ತೆ ಕೇಳಿದರು, "ನಿಮ್ಮ ಹೆಸರು ಹಾಕಿದ್ದಾರಾ?"

"ಹಾಕ್ಯಾರ."

"ಆಗಲಿ. ನಿಮಗೆ ತೊಂದ್ರೆ ಇಲ್ಲ," ಅಂದರು. ಆಮೇಲೆ ಯಾರಿಗೋ ತುಳುವಿನಲ್ಲಿ ಕೆಲಸ ಶುರು ಮಾಡಲು ಹೇಳಿದರು. ಕಟ್ಟರಿನ ಸದ್ದಿನಲ್ಲಿ ಮುಂದಿನದು ನನಗೆ ಕೇಳಿಸಲಿಲ್ಲ.

ಪ್ರೊಫೆಸರಿಗೆ ಹಾಗೆಯೇ ಬರೆದೆ. ವರದಿ ನನ್ನ ಹತ್ತಿರ ಇದೆ. ಕೃತಜ್ಞತೆಯ ಪುಟದಲ್ಲಿ, ತಪ್ಪನ್ನು ತಾನಾಗಿಯೇ ಬಂದು ಒಪ್ಪಿಕೊಂಡ ಸರ್ವೇಯರ್ ಎಂದು ನನ್ನ ಹೆಸರು ಇನಿಶಿಯಲ್ ಸಮೇತ ಅಚ್ಚಾಗಿದೆ. ಅದರ ಕೆಳಗಿನ ಸಾಲಿನಲ್ಲಿ, ಎರಡನೇ ನೆಲವನ್ನು ಮೊದಲು ಕಂಡವರು 'ಒಬ್ಬ ಮೇಸ್ತ್ರಿ'.